ಆಪ್ಟಿಟ್ಯೂಡ್ ಪುಸ್ತಕ ಯಾರ ಸಾಹಿತ್ಯ?

1973ರ ನವೆಂಬರಿನಲ್ಲಿ, ಮೈಸೂರಿನಲ್ಲಿ, ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ನಾಡೆಲ್ಲ ಹೊತ್ತಿಕೊಂಡಿತು. ಅವರ ಮಂತ್ರಿಗಿರಿ ಹೋಯಿತು. ನಮ್ಮ ಹಿಂದಿನ ತಲೆಮಾರಿನ ವಿದ್ಯಾರ್ಥಿಗಳು ಬೀದಿಯಲ್ಲಿ ಹೊಡೆತ ತಿಂದರು. ಆ ಹೊಡೆತದಿಂದ ಹುಟ್ಟಿದ ಪ್ರಶ್ನೆ ಸಣ್ಣದಲ್ಲ: ಈ ಪುಸ್ತಕವನ್ನು ಯಾರು ಯಾರಿಗಾಗಿ ಬರೆದರು? ಇದರೊಳಗೆ ನಾವು ಎಲ್ಲಿದ್ದೇವೆ? ಕಾವ್ಯಕ್ಕೆ ಈ ಪ್ರಶ್ನೆ ಕೇಳಿದ್ದಾಯಿತು, ಕಾದಂಬರಿಗೂ ಕೇಳಿದ್ದಾಯಿತು. ಆದರೆ ನಮ್ಮ ಕೇರಿಯಿಂದ ಡಿಗ್ರಿ ಮುಗಿಸಿ ಬಂದ ಹುಡುಗ ಹುಡುಗಿಯರು ರಾತ್ರಿ ಹಗಲು ಓದುವ ಒಂದು ಪುಸ್ತಕಕ್ಕೆ ಮಾತ್ರ ನಾವಿನ್ನೂ ಕೇಳಿಲ್ಲ.

ಆ ಪುಸ್ತಕ ಕಥೆಯಲ್ಲ, ಕಾವ್ಯವಲ್ಲ. ಇಟ್ಟಿಗೆಯಷ್ಟು ದಪ್ಪದ, ಇಂಗ್ಲಿಷಿನ, ಅವೆನ್ಯೂ ರಸ್ತೆಯಲ್ಲಿ ಹಳೇದಾಗಿ ಕಮ್ಮಿ ಬೆಲೆಗೆ ಸಿಗುವ ಆಪ್ಟಿಟ್ಯೂಡ್ ಪುಸ್ತಕ. ಆರ್. ಎಸ್. ಅಗರ್ವಾಲ್ ಅವರದು ಎಲ್ಲರಿಗೂ ಗೊತ್ತು. ಅದರ ದಾಯಾದಿಗಳು ಇನ್ನೂ ಹತ್ತಾರು. ಇದನ್ನು ದಾಟಿದರೆ ಪ್ರೋಗ್ರಾಮಿಂಗ್ ಪರೀಕ್ಷೆ, ಅದನ್ನೂ ದಾಟಿದರೆ ಸಂದರ್ಶನ, ಆಮೇಲೆ ಕೆಲಸ. ನಾವು ನಾಲ್ಕು ಜನ ಬಿಟಿಎಂ ಲೇಔಟಿನ ಒಂದೇ ರೂಮಿನಲ್ಲಿ ಎಂಟು ತಿಂಗಳು ಈ ಪುಸ್ತಕದ ಜತೆ ಸಂಸಾರ ಮಾಡಿದೆವು. ‘ಪದ್ಯ ಬರೆಯೋರಿಗೆ ಈ ಗೊಡವೆ ಯಾಕ್ರಯ್ಯಾ?’ ಎಂದು ಹಿರಿಯ ಸಾಹಿತಿಯೊಬ್ಬರು ಕೇಳಿದರು. ಹೊಟ್ಟೆಪಾಡು ಒಂದು ಕಡೆ, ವಿಮರ್ಶೆ ಇನ್ನೊಂದು ಕಡೆ ಎಂದು ನಂಬಿದವರ ಮಾತು ಅದು. ನಮ್ಮ ಮನೆಯ ಮೊಟ್ಟಮೊದಲ ಡಿಗ್ರಿಯನ್ನು ಅನ್ನ ಮಾಡುವ ಇಲ್ಲವೆ ರದ್ದಿ ಮಾಡುವ ಪುಸ್ತಕವನ್ನು ವಿಮರ್ಶೆ ಮಾಡದೆ ನಾವು ಇನ್ಯಾವುದನ್ನು ಮಾಡಬೇಕು?

ಪುಸ್ತಕ ಬಿಡಿಸೋಣ. ಇಲ್ಲಿ ಕೊಡುವ ಲೆಕ್ಕಗಳನ್ನು ನಾವೇ ಕಟ್ಟಿದ್ದೇವೆ. ಆದರೆ ಇಂಥ ಪುಸ್ತಕ ಓದಿದವರಿಗೆ ಅವುಗಳ ಮುಖ ಥಟ್ಟನೆ ಗುರುತು ಸಿಗುತ್ತದೆ.

‘ಕಾಲ ಮತ್ತು ಕೆಲಸ’ ಎಂಬ ಅಧ್ಯಾಯ. ಒಂದು ಕೆಲಸವನ್ನು ಎ 12 ದಿನದಲ್ಲಿ ಮಾಡುತ್ತಾನೆ, ಬಿ 6 ದಿನದಲ್ಲಿ. ಇಬ್ಬರೂ ಸೇರಿದರೆ ಎಷ್ಟು ದಿನ? ದಿನಕ್ಕೆ ಹನ್ನೆರಡರಲ್ಲಿ ಒಂದು ಪಾಲು, ಆರರಲ್ಲಿ ಒಂದು ಪಾಲು. ಕೂಡಿದರೆ ಕಾಲು ಪಾಲು. ಉತ್ತರ 4 ದಿನ. ಲೆಕ್ಕ ಸರಿ. ಆದರೆ ಯಾವ ಕೆಲಸ? ಮಣ್ಣು ಹೊರುವುದೊ, ಕಬ್ಬು ಕಡಿಯುವುದೊ, ಮೋರಿ ಬಾಚುವುದೊ? ಪುಸ್ತಕಕ್ಕೆ ಅದು ಬೇಕಿಲ್ಲ. ಎ ದಣಿಯುವುದಿಲ್ಲ, ಬಿಗೆ ಜ್ವರ ಬರುವುದಿಲ್ಲ. ಮೊದಲನೆ ದಿನ ಮಾಡಿದಷ್ಟನ್ನೇ ಹನ್ನೆರಡನೆ ದಿನವೂ ಮಾಡುತ್ತಾರೆ. ಇಂಥ ಆಳುಗಳನ್ನು ಕನಸಿನಲ್ಲಿ ಕಾಣುವವರು ಯಾರು? ಧಣಿಗಳು ಕಾಣುತ್ತಾರೆ, ಆಳು ಕಾಣುವುದಿಲ್ಲ.

ಮುಂದಿನ ಪುಟದಲ್ಲಿ ಇಬ್ಬರು ಗಂಡಸರ ಕೆಲಸ ಮೂರು ಹೆಂಗಸರ ಕೆಲಸಕ್ಕೆ ಸಮ, ನಾಲ್ಕು ಹುಡುಗರ ಕೆಲಸಕ್ಕೆ ಸಮ. ಅಂದರೆ ಹೆಂಗಸು ಒಬ್ಬ ಗಂಡಾಳಿನ ಮೂರರಲ್ಲಿ ಎರಡು ಪಾಲು, ಹುಡುಗ ಅರ್ಧ ಆಳು. ಸಮಾನ ಕೆಲಸಕ್ಕೆ ಸಮಾನ ಕೂಲಿ ಎಂಬ ಕಾಯ್ದೆ 1976ರಲ್ಲಿ ಬಂತು. ಬಾಲಕಾರ್ಮಿಕರ ಕಾಯ್ದೆ 1986ರಲ್ಲಿ ಬಂತು. ಲೆಕ್ಕದ ಪುಸ್ತಕಕ್ಕೆ ಎರಡೂ ಬಂದಂತೆ ಕಾಣುವುದಿಲ್ಲ. ಈ ಲೆಕ್ಕ ಬರೆದವರನ್ನು ಒಂದು ದಿನ ನಮ್ಮವ್ವಂದಿರ ಸಾಲಿನಲ್ಲಿ ನಾಟಿಗೆ ಬಗ್ಗಿಸಬೇಕು. ಯಾರು ಯಾರ ಎಷ್ಟು ಪಾಲು ಅಂತ ಗದ್ದೆಯೇ ಹೇಳುತ್ತೆ.

‘ಲಾಭ ನಷ್ಟ’ದ ಅಧ್ಯಾಯಕ್ಕೆ ಬನ್ನಿ. ಮೋಸದ ವ್ಯಾಪಾರಿಯೊಬ್ಬ ಕೊಂಡ ಬೆಲೆಗೇ ಮಾರುತ್ತೇನೆ ಎನ್ನುತ್ತಾನೆ. ಆದರೆ ಕಿಲೋ ಬದಲು 900 ಗ್ರಾಂ ತೂಗುತ್ತಾನೆ. ಅವನ ಲಾಭ ಶೇಕಡಾ ಎಷ್ಟು? 900ರ ಮೇಲೆ 100 ಲಾಭ. ಉತ್ತರ ಹನ್ನೊಂದು ಪೂರ್ಣಾಂಕ ಒಂಬತ್ತರಲ್ಲಿ ಒಂದು. ನಮ್ಮ ರೂಮಿನಲ್ಲಿ ಒಬ್ಬ ಗೆಳೆಯ ಪ್ರತಿ ಸಲವೂ ಇದಕ್ಕೆ ಹತ್ತು ಎಂದು ಬರೆದು ಮಾರ್ಕು ಕಳೆದುಕೊಳ್ಳುತ್ತಿದ್ದ. ದಡ್ಡನೇ? ಅಲ್ಲ. ಅವನು ಚಿಕ್ಕಂದಿನಿಂದ ಸೊಸೈಟಿ ಮುಂದೆ ಚೀಲ ಹಿಡಿದು ನಿಂತವನು. ಕಿಲೋಗೆ ನೂರು ಗ್ರಾಂ ಹೋದರೆ ಹತ್ತರಲ್ಲಿ ಒಂದು ಪಾಲು ಹೋಯಿತು ಎಂಬುದು ಅವನ ಲೆಕ್ಕ. ಕೊಂಡವನ ಕಡೆಯಿಂದ ಎಣಿಸಿದರೆ ನಷ್ಟ ಶೇಕಡಾ 10. ಮಾರಿದವನ ಕಡೆಯಿಂದ ಎಣಿಸಿದರೆ ಲಾಭ ಶೇಕಡಾ 11 ಚಿಲ್ಲರೆ. ಎರಡೂ ಗಣಿತವೇ, ಎರಡೂ ಸತ್ಯವೇ. ಆದರೆ ಪುಸ್ತಕ ಕೇಳುವುದು ಮೋಸಗಾರನ ಲಾಭವನ್ನೇ. ತಕ್ಕಡಿಯ ಆ ಕಡೆ ಹೋಗಿ ನಿಂತುಕೊಂಡು ಯೋಚನೆ ಮಾಡಲು ಕಲಿತವನಿಗೆ ಮಾರ್ಕು. ಗಣಿತಕ್ಕೆ ಜಾತಿಯಿಲ್ಲ ನಿಜ. ಪ್ರಶ್ನೆಗೆ ಇದೆ.

‘ರಕ್ತ ಸಂಬಂಧ’ ಎಂಬ ಇನ್ನೊಂದು ಅಧ್ಯಾಯ. ಫೋಟೋ ತೋರಿಸಿ ಒಬ್ಬ ಹೇಳುತ್ತಾನೆ: ಇವರು ನನ್ನ ತಾಯಿಯ ತಂದೆಯ ಒಬ್ಬನೇ ಮಗ. ಏನಾಗಬೇಕು? ಉತ್ತರ: ಅಂಕಲ್. ಅಪ್ಪನ ತಮ್ಮನೂ ಅಂಕಲ್ಲೇ, ಅಮ್ಮನ ಅಣ್ಣನೂ ಅಂಕಲ್ಲೇ. ಚಿಕ್ಕಪ್ಪ ಬೇರೆ, ಸೋದರಮಾವ ಬೇರೆ ಎಂದು ಹೆಸರಿಟ್ಟು ಬಾಳಿದ ಜನ ನಾವು. ಅಕ್ಕನ ಮಗಳನ್ನು ತಂದುಕೊಳ್ಳುವ ನಮ್ಮ ಕಡೆಯ ಮನೆಗಳಲ್ಲಿ ಸೋದರಮಾವನೇ ಗಂಡನೂ ಆಗುತ್ತಾನೆ. ಅತ್ತೆಯೇ ಅಜ್ಜಿಯೂ ಆಗುತ್ತಾಳೆ. ಪುಸ್ತಕದ ಗಿಡದಲ್ಲಿ ಆ ಕೊಂಬೆ ಇಲ್ಲ. ನಮ್ಮ ಜತೆಯ ಹುಡುಗಿಯೊಬ್ಬಳು ತನ್ನ ಮನೆಯ ಸಂಬಂಧವನ್ನೇ ಈ ಗಿಡದಲ್ಲಿ ಬರೆಯಲು ಹೋದಳು. ಗೆರೆಗಳು ಒಂದರ ಮೇಲೊಂದು ಹತ್ತಿ ಕೂತವು. ಅವಳೇ ನಕ್ಕು, ‘ನಾನು ಈ ಪುಸ್ತಕದಲ್ಲಿ ಹುಟ್ಟೋಕೇ ಆಗಲ್ಲ ಬಿಡ್ರಪ್ಪ’ ಎಂದಳು.

ದುಂಡು ಮೇಜಿನ ಸುತ್ತ ಎಂಟು ಜನ ಕೂರುವ ಲೆಕ್ಕವಂತೂ ಬಿಡದೆ ಬರುತ್ತದೆ. ಎ ಪಕ್ಕದಲ್ಲಿ ಬಿ ಕೂರುವುದಿಲ್ಲ, ಸಿ ಎದುರು ಡಿ ಇದ್ದಾನೆ. ಯಾರ ಪಕ್ಕ ಯಾರು ಕೂರಬಾರದು ಎಂಬ ಷರತ್ತುಗಳನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಊರ ಹೋಟಲಿನ ಮುಂದೆ ಬೇರೆ ಲೋಟ ಹಿಡಿದು ನಿಂತ ನಮ್ಮ ತಾತಂದಿರಿಗೆ ಆ ಷರತ್ತುಗಳೆಲ್ಲ ಬಾಯಿಪಾಠವಾಗಿದ್ದವು. ಅವರಿಗೆ ಗೊತ್ತಿಲ್ಲದೆ ಇದ್ದದ್ದು ಮೇಜು.

ಇಷ್ಟು ಹೇಳಿದರೆ ‘ಲೆಕ್ಕದಲ್ಲೂ ರಾಜಕೀಯ ಹುಡುಕುತ್ತಾರೆ’ ಎಂದು ಮೂಗು ಮುರಿಯುವವರಿದ್ದಾರೆ. ಆದ್ದರಿಂದ ಮೂಲಕ್ಕೇ ಕೈ ಹಾಕೋಣ. ಆಪ್ಟಿಟ್ಯೂಡ್ ಎಂದರೆ ಏನು? ಹುಟ್ಟಿನಿಂದ ಬಂದ ಒಲವು, ಕಲಿಸದೆಯೂ ಇರುವ ಶಕ್ತಿ ಎಂಬ ಅರ್ಥದಲ್ಲೇ ಅದು ಚಲಾವಣೆಯಲ್ಲಿರುವುದು. ಹಾಗಾದರೆ ಮಾರತಹಳ್ಳಿಯಿಂದ ರಾಜಾಜಿನಗರದ ತನಕ ಇದನ್ನು ಕಲಿಸುವ ಅಂಗಡಿಗಳು ಯಾಕೆ? ಕಲಿಸಿದರೆ ಬರುತ್ತದೆ ಎಂದಾದರೆ ಅದು ಆಪ್ಟಿಟ್ಯೂಡ್ ಅಲ್ಲ, ಟ್ಯೂಷನ್. ಕಲಿಸಿದರೆ ಬರುವುದಿಲ್ಲ ಎಂದಾದರೆ ಅಂಗಡಿಗಳು ಮೋಸ. ಎರಡರಲ್ಲಿ ಒಂದು ಸುಳ್ಳಾಗಲೇಬೇಕು. ನಮ್ಮ ಅನುಭವ ಹೇಳುತ್ತದೆ: ಮೊದಲನೆ ತಿಂಗಳು ಅರವತ್ತು ನಿಮಿಷದಲ್ಲಿ ಹದಿನೈದು ಲೆಕ್ಕ ಮಾಡಲಾಗದ ನಾವು, ಎಂಟನೆ ತಿಂಗಳು ಐವತ್ತು ಮಾಡಿದೆವು. ನಮ್ಮ ಹುಟ್ಟು ಬದಲಾಗಿರಲಿಲ್ಲ. ಎಂಟು ತಿಂಗಳ ಬಾಡಿಗೆ ಕಟ್ಟಿದ್ದೆವು, ಅಷ್ಟೆ. ಪರೀಕ್ಷೆ ಅಳೆದದ್ದು ಆ ಬಾಡಿಗೆಯನ್ನು. ಊರಿನಲ್ಲಿ ಕುರಿ ಮಾರಿ ಅದನ್ನು ಕಟ್ಟಿದವರ ಲೆಕ್ಕ ಯಾವ ಅಧ್ಯಾಯದಲ್ಲೂ ಇಲ್ಲ.

ಹುಟ್ಟಿನಿಂದ ಬಂದ ಯೋಗ್ಯತೆ! ಈ ಮಾತು ನಮಗೆ ಹೊಸದಲ್ಲ. ಮನು ಹೇಳಿದ್ದೂ ಅದನ್ನೇ. ಹೊಸ ಮನುಗಳು ಅದನ್ನು ಅಂಕಿಗಳಲ್ಲಿ ಹೇಳಿದರು. ಮೊದಲನೆ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ 17 ಲಕ್ಷದಷ್ಟು ಜನರಿಗೆ ಬುದ್ಧಿ ಪರೀಕ್ಷೆ ಮಾಡಿತು. ಅಲ್ಲಿನ ಪೇಟೆಯ ಸಾಮಾನುಗಳ ಹೆಸರು ಗೊತ್ತಿಲ್ಲದ ವಲಸಿಗ ಅದರಲ್ಲಿ ದಡ್ಡನಾದ. ಆ ಅಂಕಿಗಳನ್ನು ಹಿಡಿದು ಕಾರ್ಲ್ ಬ್ರಿಘಮ್ ಎಂಬ ಪಂಡಿತ 1923ರಲ್ಲಿ ಪುಸ್ತಕ ಬರೆದು, ಕೆಲವು ಜನಾಂಗಗಳಿಗೆ ಬುದ್ಧಿಯೇ ಕಮ್ಮಿ ಎಂದ. 1926ರಲ್ಲಿ ಕಾಲೇಜು ಸೇರುವವರಿಗಾಗಿ ‘ಆಪ್ಟಿಟ್ಯೂಡ್’ ಎಂಬ ಹೆಸರಿಟ್ಟ ಎಸ್‌ಎಟಿ ಪರೀಕ್ಷೆ ಬಂದದ್ದು ಅವನ ಕೈಯಿಂದಲೇ. 1930ರಲ್ಲಿ ಅವನೇ ತನ್ನ ಹಳೆಯ ತೀರ್ಮಾನಗಳಿಗೆ ಆಧಾರವಿಲ್ಲ ಎಂದು ಒಪ್ಪಿಕೊಂಡ. ತೀರ್ಮಾನ ಹೋಯಿತು, ಪರೀಕ್ಷೆ ಉಳಿಯಿತು. 1955ರ ಹೊತ್ತಿಗೆ ಐಬಿಎಂ ಕಂಪನಿ ಪ್ರೋಗ್ರಾಮರುಗಳನ್ನು ಆರಿಸಲು ತನ್ನದೇ ಆಪ್ಟಿಟ್ಯೂಡ್ ಪರೀಕ್ಷೆ ಮಾಡಿಕೊಂಡಿತು: ಸಂಖ್ಯೆಗಳ ಸಾಲು, ಆಕಾರಗಳ ಸಾಲು, ಲೆಕ್ಕ. ನಾವು ಬಿಟಿಎಂ ಲೇಔಟಿನಲ್ಲಿ ಬಿಡಿಸಿದ ಒಗಟುಗಳ ಅಜ್ಜಿ ಮನೆ ಇದು.

ಇದೇ ಅಮೆರಿಕದಲ್ಲಿ ಕರಿಯರು ಇದನ್ನು ಪ್ರಶ್ನೆ ಮಾಡಿದ ಕಥೆಯನ್ನು ನಾವು ಮರೆಯಬಾರದು. ನಾರ್ತ್ ಕೆರೊಲಿನಾದ ಡ್ಯೂಕ್ ಪವರ್ ಎಂಬ ವಿದ್ಯುತ್ ಕಂಪನಿಯಲ್ಲಿ ಕರಿಯರಿಗೆ ಕೂಲಿ ವಿಭಾಗ ಬಿಟ್ಟು ಬೇರೆ ಜಾಗವಿರಲಿಲ್ಲ. ಆ ವಿಭಾಗದ ಅತಿ ಹೆಚ್ಚಿನ ಸಂಬಳ ಉಳಿದ ವಿಭಾಗಗಳ ಅತಿ ಕಮ್ಮಿ ಸಂಬಳಕ್ಕಿಂತ ಕಮ್ಮಿ. 1965ರ ಜುಲೈ 2ರಂದು ಕೆಲಸದಲ್ಲಿ ಬಣ್ಣಭೇದ ಮಾಡಬಾರದೆಂಬ ಕಾಯ್ದೆ ಜಾರಿಯಾಯಿತು. ಅದೇ ದಿನ ಕಂಪನಿ ಹೊಸ ನಿಯಮ ಹಾಕಿತು: ಒಳ್ಳೆ ವಿಭಾಗಕ್ಕೆ ಸೇರಬೇಕಾದರೆ ಆಪ್ಟಿಟ್ಯೂಡ್ ಪರೀಕ್ಷೆ ಪಾಸಾಗಬೇಕು! ವಿಲ್ಲಿ ಗ್ರಿಗ್ಸ್ ಮತ್ತು ಜತೆಯವರು ಕೋರ್ಟಿಗೆ ಹೋದರು. 1971ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಒಮ್ಮತದಿಂದ ಹೇಳಿತು: ಪರೀಕ್ಷೆ ಮೇಲುನೋಟಕ್ಕೆ ಎಲ್ಲರಿಗೂ ಒಂದೇ ಆಗಿದ್ದರೆ ಸಾಲದು, ಅದು ಮಾಡುವ ಕೆಲಸಕ್ಕೂ ಅದಕ್ಕೂ ಸಂಬಂಧವಿದೆ ಎಂದು ಕೆಲಸ ಕೊಡುವವನೇ ತೋರಿಸಬೇಕು. ಆ ಪರೀಕ್ಷೆ ಬರೆಯದ ಬಿಳಿಯರು ಅದೇ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದ್ದರಲ್ಲ!

ನಾವೂ ಕೇಳಬೇಕಾದ ಪ್ರಶ್ನೆ ಇದೇ. ಎರಡು ರೈಲುಗಳು ಒಂದನ್ನೊಂದು ದಾಟಲು ಎಷ್ಟು ಸೆಕೆಂಡು ಎಂದು ಒಂದು ನಿಮಿಷದೊಳಗೆ ಹೇಳುವವನು ಬ್ಯಾಂಕಿನ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕಲು ಹೇಗೆ ಹೆಚ್ಚು ಲಾಯಕ್ಕು? ವಿಮಾನದೊಳಗೆ ಎಷ್ಟು ಗಾಲ್ಫ್ ಚೆಂಡು ಹಿಡಿಯುತ್ತವೆ ಎಂಬಂಥ ಒಗಟುಗಳು ಬರೀ ಕಾಲಹರಣ, ಅವುಗಳಿಂದ ಏನೂ ತಿಳಿಯುವುದಿಲ್ಲ ಎಂದು ಗೂಗಲ್ ಕಂಪನಿಯಲ್ಲಿ ಜನರನ್ನು ಆರಿಸುವ ಹೊಣೆ ಹೊತ್ತಿದ್ದ ಲಾಸ್ಲೊ ಬಾಕ್ 2013ರಲ್ಲೇ ಬಹಿರಂಗವಾಗಿ ಹೇಳಿದರು. ಧಣಿಗಳೇ ಕೈಬಿಟ್ಟ ಮಂತ್ರವನ್ನು ನಮ್ಮ ಪೂಜಾರಿಗಳು ಇನ್ನೂ ಪಠಿಸುತ್ತಿದ್ದಾರೆ.

ಪ್ರೋಗ್ರಾಮಿಂಗ್ ಪರೀಕ್ಷೆಯನ್ನು ಮಾತ್ರ ಇದೇ ಗಾಡಿಗೆ ಕಟ್ಟಬಾರದು. ನ್ಯಾಯವಾಗಿ ನೋಡೋಣ. ಒಂದು ಲೆಕ್ಕ: ಸಂಖ್ಯೆಗಳ ಪಟ್ಟಿ ಕೊಟ್ಟಿದ್ದಾರೆ; ಕೂಡಿದರೆ ಹೇಳಿದ ಮೊತ್ತ ಬರುವ ಎರಡನ್ನು ಹುಡುಕು. ನಾವು ಮೊದಲು ಮಾಡಿದ್ದು ಒಂದೊಂದನ್ನೂ ಉಳಿದ ಎಲ್ಲದರ ಜತೆ ಕೂಡಿ ನೋಡುವುದು. ಹತ್ತು ಸಂಖ್ಯೆಗೆ ಸರಿಹೋಯಿತು. ಆದರೆ ಪರೀಕ್ಷೆಯಲ್ಲಿ ನಮ್ಮ ಕಣ್ಣಿಗೆ ತೋರಿಸದ ಪಟ್ಟಿಗಳಿರುತ್ತವೆ. ಅದರಲ್ಲಿ ಒಂದು ಲಕ್ಷ ಸಂಖ್ಯೆ ಇದ್ದರೆ ಸುಮಾರು 500 ಕೋಟಿ ಜೋಡಿ ನೋಡಬೇಕು. ಹೊತ್ತು ಮೀರಿತು, ಸೊನ್ನೆ. ಕಂಡದ್ದನ್ನೆಲ್ಲ ಒಂದು ಕೋಷ್ಟಕದಲ್ಲಿ ಬರೆದಿಟ್ಟುಕೊಂಡು, ಪ್ರತಿ ಸಂಖ್ಯೆಗೂ ‘ನಿನ್ನ ಜೋಡಿ ಆಗಲೇ ಬಂದು ಹೋಗಿದೆಯೆ?’ ಎಂದು ಕೇಳಿದರೆ ಒಂದೇ ಸುತ್ತಿನಲ್ಲಿ ಮುಗಿಯುತ್ತದೆ. ಇದು ತಿಳಿದ ದಿನ ನಾವು ರೂಮಿನಲ್ಲಿ ಕುಣಿದದ್ದು ನಿಜ. ಒಳ್ಳೆಯ ಪದ್ಯ ಓದಿದಾಗ ಆಗುವ ಸಂತೋಷವೇ ಅದು. ಈ ವಿದ್ಯೆ ಕೆಲಸಕ್ಕೂ ಬೇಕಾದದ್ದು.

ಆದರೆ ಆ ಗುಟ್ಟು ಯಾರಿಂದ ಗೊತ್ತಾಗುತ್ತದೆ? ದೊಡ್ಡ ಕಾಲೇಜಿನಲ್ಲಿ ಹಿಂದಿನ ವರ್ಷ ಪರೀಕ್ಷೆ ಬರೆದು ಕೆಲಸಕ್ಕೆ ಹೋದ ಸೀನಿಯರ್ ಇದ್ದಾನೆ, ಮನೆಯಲ್ಲಿ ಇಂಜಿನಿಯರ್ ಅಣ್ಣ ಇದ್ದಾನೆ. ಅರ್ಧ ಗಂಟೆಯಲ್ಲಿ ಹೇಳಿಕೊಡುತ್ತಾನೆ. ನಮಗೆ ಮೂರು ತಿಂಗಳಾಯಿತು. ಮೂರು ತಿಂಗಳಿಗೂ ಅರ್ಧ ಗಂಟೆಗೂ ನಡುವಿನ ಅಂತರವನ್ನೇ ಅವರು ಪ್ರತಿಭೆ ಅನ್ನುತ್ತಿದ್ದಾರೆ. ಗುರುವಿನ ಮನೆ ಜಗಲಿ ಹತ್ತಲು ಬಿಡದೆ ಇದ್ದವರು ಇವತ್ತು ಜಗಲಿ ತೆಗೆದಿದ್ದಾರೆ, ಸರಿ. ಗುರುವಿನ ವಿಳಾಸ ಮಾತ್ರ ಕೊಟ್ಟಿಲ್ಲ.

ಇನ್ನು ಬಾಗಿಲಲ್ಲೇ ತಡೆಯುವ ಗೊಂತುಗಳು. ಹತ್ತನೆ ತರಗತಿ, ಪಿಯುಸಿ, ಡಿಗ್ರಿ ಮೂರರಲ್ಲೂ ಶೇಕಡಾ 60 ಇರಬೇಕು ಎನ್ನುವ ಕಂಪನಿಗಳನ್ನು ನಾವು ಎಷ್ಟೋ ನೋಡಿದೆವು. ನಮ್ಮ ಗೆಳೆಯನೊಬ್ಬನಿಗೆ ಡಿಗ್ರಿಯಲ್ಲಿ 74, ಪಿಯುಸಿಯಲ್ಲಿ 58. ಆ ವರ್ಷ ಅವನಪ್ಪ ಹಾಸಿಗೆ ಹಿಡಿದಿದ್ದರು, ಇವನು ಗಾರೆ ಕೆಲಸಕ್ಕೆ ಹೋಗುತ್ತಿದ್ದ. ಹದಿನೇಳನೆ ವಯಸ್ಸಿನ ಎರಡು ಮಾರ್ಕು ಇಪ್ಪತ್ಮೂರನೆ ವಯಸ್ಸಿನ ಬಾಗಿಲಿಗೆ ಅಗುಳಿ. ಇನ್ನೊಬ್ಬ ಊರಿನಲ್ಲಿ ಒಂದಂಕಣದ ಮನೆಯಲ್ಲಿ ಕೂತು ಕ್ಯಾಮೆರಾ ಮುಂದೆ ಪರೀಕ್ಷೆ ಬರೆದ. ಹಿಂದೆ ಅವನವ್ವ ಒಲೆಯ ಹತ್ತಿರ ಎದ್ದು ಓಡಾಡಿದಳು. ‘ಬೇರೆ ವ್ಯಕ್ತಿ ಕಾಣಿಸುತ್ತಿದ್ದಾರೆ’ ಎಂದು ಎರಡು ಸಲ ಎಚ್ಚರಿಕೆ ಬಂತು, ಮೂರನೆ ಸಲಕ್ಕೆ ಪರೀಕ್ಷೆ ಮುಚ್ಚಿಕೊಂಡಿತು. ಪ್ರತಿಯೊಬ್ಬರಿಗೂ ಪ್ರತ್ಯೇಕ ಕೋಣೆ ಇದೆ ಎಂದು ನಂಬಿದ ಯಂತ್ರಕ್ಕೆ ಅವ್ವ ಎಂದರೆ ಕಾಪಿ ಚೀಟಿ.

ಇಲ್ಲಿಗೆ ನಿಲ್ಲಿಸಿ ‘ಪರೀಕ್ಷೆಗಳಿಗೆ ಧಿಕ್ಕಾರ’ ಎಂದು ಕೂಗಿಬಿಡುವುದು ಸುಲಭ. ಕೂಗುವ ಮುಂಚೆ ಇನ್ನೊಂದು ಸತ್ಯವನ್ನು ಎದುರಿಸಬೇಕು. ಸುಖದೇವ್ ಥೋರಟ್ ಮತ್ತು ಪಾಲ್ ಆಟ್‌ವೆಲ್ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪತ್ರಿಕೆಗಳಲ್ಲಿ ಬಂದ ಖಾಸಗಿ ಕೆಲಸಗಳ ಜಾಹೀರಾತಿಗೆ ಒಂದೇ ಓದು, ಒಂದೇ ಅನುಭವ ಬರೆದು, ಹೆಸರು ಮಾತ್ರ ಬೇರೆ ಬೇರೆ ಇಟ್ಟು 4,808 ಅರ್ಜಿ ಹಾಕಿದ್ದರು. ಮೇಲ್ಜಾತಿ ಹೆಸರಿನ ಅರ್ಜಿಗೆ ಹೋಲಿಸಿದರೆ ದಲಿತ ಹೆಸರಿನ ಅರ್ಜಿಗೆ ಕರೆ ಬರುವ ಸಂಭವ ಮೂರರಲ್ಲಿ ಎರಡು ಪಾಲು. ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದು ಪಾಲು. ಅದೇ ವರ್ಷ ಸುರಿಂದರ್ ಜೋಧ್ಕಾ ಮತ್ತು ಕ್ಯಾಥರಿನ್ ನ್ಯೂಮನ್ ದೊಡ್ಡ ಕಂಪನಿಗಳಲ್ಲಿ ಜನರನ್ನು ಆರಿಸುವ 25 ಅಧಿಕಾರಿಗಳನ್ನು ಮಾತಾಡಿಸಿ ಬರೆದರು. ನಾವು ಯೋಗ್ಯತೆ ಬಿಟ್ಟು ಬೇರೇನೂ ನೋಡುವುದಿಲ್ಲ ಎಂದ ಬಾಯಿಯೇ ‘ಮನೆತನದ ಹಿನ್ನೆಲೆ ಕೇಳುತ್ತೇವೆ’ ಎಂದೂ ಹೇಳಿತು. ಅಪ್ಪ ಏನು ಮಾಡುತ್ತಾರೆ? ಅಣ್ಣ ತಮ್ಮಂದಿರು ಏನು ಓದಿದ್ದಾರೆ? ಸಂದರ್ಶನದಲ್ಲಿ ನಮ್ಮನ್ನೂ ಇದನ್ನೇ ಕೇಳಿದರು. ‘ಕೂಲಿ’ ಎಂದ ಮೇಲೆ ಕೋಣೆಯಲ್ಲಿ ಬೀಳುವ ಮೌನವನ್ನು ಅನುಭವಿಸಿದವರೇ ಬಲ್ಲರು.

ಸರ್ಕಾರಿ ಕೆಲಸದಲ್ಲಾದರೆ ಸಂವಿಧಾನದ 16(4)ನೆಯ ವಿಧಿ ನಮ್ಮ ಬೆನ್ನಿಗಿದೆ. ಕಾಲೇಜಿನ ಸೀಟಿನ ತನಕ ಬಂದ ಮೀಸಲಾತಿ ಖಾಸಗಿ ಕಂಪನಿಯ ಗೇಟಿನಲ್ಲಿ ಕೈಬಿಡುತ್ತದೆ. ಅಲ್ಲಿಂದ ಮುಂದೆ ಇರುವುದು ಎರಡೇ: ನಮ್ಮ ಹೆಸರು ನೋಡುವ ಮನುಷ್ಯ, ನಮ್ಮ ಉತ್ತರ ನೋಡುವ ಯಂತ್ರ. ಮನುಷ್ಯನಿಗಿಂತ ಯಂತ್ರವೇ ವಾಸಿ ಎನ್ನುವ ಗತಿ ನಮಗೆ ಬಂದಿದೆ. ಇದನ್ನು ಬರೆಯುವಾಗ ನಮಗೆ ಸಂತೋಷವಿಲ್ಲ. ಆದರೆ ಬರೆಯದೆ ಇದ್ದರೆ ನಮ್ಮ ತಂಗಿ ತಮ್ಮಂದಿರಿಗೆ ಸುಳ್ಳು ಹೇಳಿದಂತೆ. ಅಕ್ಷರ ನಿಮಗಲ್ಲ ಎಂದವರ ಮಾತನ್ನು ‘ಲೆಕ್ಕ ನಮಗೆ ಬೇಡ’ ಎಂದು ನಾವೇ ಪೂರ್ತಿ ಮಾಡಬಾರದು. ಈ ಪುಸ್ತಕ ಬೂಸಾ ಹೌದು. ಬೂಸಾ ತಿಂದಾದರೂ ಹಸು ಬದುಕಬೇಕಾದ ಬರಗಾಲ ಇದು.

ಹಾಗೆಂದು ಬರೀ ಮೇಯುತ್ತಾ ಕೂರುವುದೆ? ಇಲ್ಲ. ನಾವು ಕೇಳುವುದು ಇಷ್ಟು. ಪರೀಕ್ಷೆ ಏನನ್ನು ಅಳೆಯುತ್ತದೆ, ಅದಕ್ಕೂ ಕೆಲಸಕ್ಕೂ ಏನು ಸಂಬಂಧ ಎಂದು ಕಂಪನಿಗಳು ಬಾಯಿಬಿಟ್ಟು ಹೇಳಲಿ. ಪರೀಕ್ಷೆ ಪಾಸಾದವನಿಗೆ ಹಳೆಯ ಪಿಯುಸಿ ಮಾರ್ಕಿನ ಗೊಂತು ಯಾಕೆ ಎಂದು ಹೇಳಲಿ. ಪ್ರೋಗ್ರಾಮಿಂಗ್ ಪ್ರಶ್ನೆಯನ್ನು ಕನ್ನಡದಲ್ಲೂ ಕೊಡಲಿ. ಯಂತ್ರಕ್ಕೆ ಬರೆಯುವ ಭಾಷೆ ಅದರದ್ದೇ ಇರಲಿ, ಪ್ರಶ್ನೆ ಅರ್ಥವಾಗುವುದು ನಮ್ಮ ಭಾಷೆಯಲ್ಲಾಗಲಿ. ಖಾಸಗಿ ಕೆಲಸದಲ್ಲಿ ಮೀಸಲಾತಿ ಎಂಬ ಬೇಡಿಕೆಯಂತೂ ಇದ್ದೇ ಇದೆ. ಅದನ್ನು ಬಿಟ್ಟುಕೊಡುವ ಮಾತೇ ಇಲ್ಲ.

ಕೇಳುತ್ತಾ ಕೂತರೆ ಸಾಲದು, ಮಾಡಬೇಕಾದದ್ದೂ ಇದೆ. ರಜೆಗೆ ಊರಿಗೆ ಹೋದಾಗ ನಮ್ಮಲ್ಲೊಬ್ಬ ಬಡ್ಡಿ ಲೆಕ್ಕ ಮಾಡುತ್ತಾ ಕೂತಿದ್ದ. ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಬಡ್ಡಿಯಾದರೆ ಸಾಲ ಎರಡರಷ್ಟಾಗಲು ಎಷ್ಟು ಕಾಲ ಎಂಬ ಲೆಕ್ಕ. ಅಕ್ಕಿ ಆರಿಸುತ್ತಿದ್ದ ಅವನವ್ವ ತಲೆ ಎತ್ತದೆ ಹೇಳಿದಳು: ‘ಇದ್ಯಾನ್ ಮಗಾ ಇದ್ಯೆ? ಇಪ್ಪತ್ ತಿಂಗ್ಳುಗೆ ಗಂಟಷ್ಟೇ ಬಡ್ಡಿ ಆಯ್ತದೆ. ಬಡ್ಡಿಗೂ ಬಡ್ಡಿ ಹಾಕುದ್ರೆ ಹದ್ನೈದ್ ತಿಂಗ್ಳುಗೇ ಮುಗುದೋಯ್ತು. ನಿಮ್ ತಾತ ಜೀತುಕ್ ಹೋದದ್ದು ಇದೇ ಲೆಕ್ಕುದಲ್ಲಿ ಕನಪ್ಪ.’ ಇವನು ಪೆನ್ನು ಹಿಡಿದು ಗುಣಿಸಿ ನೋಡಿದ. ಹದಿನಾಲ್ಕನೆ ತಿಂಗಳಿಗೆ ಎರಡರಷ್ಟಕ್ಕೆ ಚೂರು ಕಮ್ಮಿ, ಹದಿನೈದನೆ ತಿಂಗಳಿಗೆ ದಾಟಿತು. ಅವಳದ್ದೇ ಸರಿ.

ಯಾರಿಗಿಲ್ಲ ಆಪ್ಟಿಟ್ಯೂಡ್?

ಆ ಅವ್ವನ ಲೆಕ್ಕದಿಂದ ಶುರುವಾಗುವ ಪುಸ್ತಕವೊಂದನ್ನು ನಾವು ಬರೆಯಬೇಕು. ಕೂಲಿ ಬಾಕಿ ಉಳಿಸಿಕೊಂಡ ಧಣಿಯ ಲೆಕ್ಕ ಅದರಲ್ಲಿರಲಿ, ತೂಕದಲ್ಲಿ ಮೋಸ ಹೋದವಳ ನಷ್ಟದ ಲೆಕ್ಕ ಇರಲಿ, ಅಕ್ಕನ ಮಗಳನ್ನು ತಂದ ಮನೆಯ ಸಂಬಂಧದ ಗಿಡ ಇರಲಿ. ಪರೀಕ್ಷೆಯವರು ಕೇಳುವ ಎಲ್ಲ ಉಪಾಯಗಳೂ, ಆ ಕೋಷ್ಟಕದ ಗುಟ್ಟೂ ಕನ್ನಡದಲ್ಲಿ, ಮುಚ್ಚುಮರೆ ಇಲ್ಲದೆ ಇರಲಿ. ಪಾಸಾದವರು ಹಿಂದೆ ತಿರುಗಿ ನೋಡದೆ ಮೇಲಿನ ಮಹಡಿಗೆ ಹೋಗಿಬಿಟ್ಟರೆ ನಮಗೂ ಅವರಿಗೂ ಏನು ವ್ಯತ್ಯಾಸ? ನಮ್ಮ ನಾಲ್ವರಲ್ಲಿ ಇಬ್ಬರಿಗೆ ಕೆಲಸ ಸಿಕ್ಕಿದೆ, ಇಬ್ಬರಿಗೆ ಸಿಕ್ಕಿಲ್ಲ. ಸಿಕ್ಕವರು ಭಾನುವಾರಗಳಂದು ಹಾಸ್ಟೆಲಿಗೆ ಬಂದು ಪಾಠ ಮಾಡುತ್ತಿದ್ದಾರೆ. ಮೊದಲನೆ ವಾರ ಆರು ಜನ ಬಂದರು, ಕಳೆದ ವಾರ ಇಪ್ಪತ್ತೊಂದು. ಬೋರ್ಡು ಇಲ್ಲ; ಊಟದ ಹಾಲಿನ ಬಾಗಿಲ ಹಿಂಬದಿಗೆ ಕರಿ ಬಣ್ಣ ಬಳಿದುಕೊಂಡಿದ್ದೇವೆ. ಸೀಮೆಸುಣ್ಣ ತರುವವರು ಬೇಕು, ಲೆಕ್ಕ ಹೇಳಿಕೊಡುವವರು ಬೇಕು. ಇದನ್ನು ಓದಿದ ಗೆಳೆಯರು ಬನ್ನಿ.